ರೆಡ್‌ವುಡ್ ಕಾಡಿಗೆ ಅಪ್ಪಯ್ಯನ ಜೊತೆ

ಜಗತ್ತಿನ ಅತಿ ಎತ್ತರದ ಮರ ಇರುವುದು ಕ್ಯಾಲಿಫೋರ್ನಿಯಾದ ಉತ್ತರ ಕರಾವಳಿಯಲ್ಲಿ. ಕೋಸ್ಟ್ ರೆಡ್‌ವುಡ್ ಜಾತಿಯ ಮರ ಅದು. ಹೈಪೀರಿಯನ್ ಅಂತ ಹೆಸರಿಟ್ಟಿದ್ದಾರೆ. 2006ರಲ್ಲಿ ಕ್ರಿಸ್ ಅಟ್ಕಿನ್ಸ್ ಮತ್ತು ಮೈಕೆಲ್ ಟೇಲರ್ ಎಂಬ ಇಬ್ಬರು ಕಾಡು ಸುತ್ತುತ್ತಾ ಇದನ್ನು ಕಂಡುಹಿಡಿದರು. 2019ರಲ್ಲಿ ಅಳೆದಾಗ 115.92 ಮೀಟರ್ ಇತ್ತು, ಅಂದರೆ 380 ಅಡಿ. ಮುರುಡೇಶ್ವರದ ರಾಜಗೋಪುರ 237 ಅಡಿ. ಅದರ ಮೇಲೆ ಅಂಥದ್ದೇ ಇನ್ನರ್ಧ ಗೋಪುರ ಕೂರಿಸಿದರೂ ಈ ಮರದ ತುದಿ ಮುಟ್ಟುವುದಿಲ್ಲ.

ಆ ಮರದ ಬುಡಕ್ಕೆ ಈಗ ಯಾರನ್ನೂ ಬಿಡುವುದಿಲ್ಲ. ಅದು ಗೊತ್ತಿದ್ದೇ ಹೊರಟೆವು. ಅದರ ಬಳಗದ ಹೆಮ್ಮರಗಳು 101 ಹೆದ್ದಾರಿಯ ಆಸುಪಾಸಿನ ಕಾಡುಗಳಲ್ಲಿ ಬೇಕಾದಷ್ಟಿವೆ.

ಅಪ್ಪಯ್ಯ ಅರಣ್ಯ ಇಲಾಖೆಯಲ್ಲಿ ಫಾರೆಸ್ಟರ್ ಆಗಿದ್ದವರು. ಸಾಗರ, ಹೊಸನಗರದ ಕಾನುಗಳಲ್ಲೇ ಸರ್ವೀಸ್ ಮುಗಿಸಿದವರು. ಬೇಸಿಗೆಗೆ ಅಮ್ಮನ ಜೊತೆ ಫ್ರೀಮಾಂಟ್‌ನ ನಮ್ಮ ಮನೆಗೆ ಬಂದಿದ್ದರು. ಗೋಲ್ಡನ್ ಗೇಟ್ ಸೇತುವೆ, ದೊಡ್ಡ ದೊಡ್ಡ ಕಂಪನಿಗಳ ಆಫೀಸು, ದೇವಸ್ಥಾನ ಎಲ್ಲ ನೋಡಿ ಆದ ಮೇಲೆ, "ಕಾಡು ಎಲ್ಲಿದೆಯೇ ಇಲ್ಲಿ?" ಅಂತ ಕೇಳಿದರು. ಜೂನ್ ತಿಂಗಳ ಒಂದು ಗುರುವಾರ ಕಾರು ಹತ್ತಿದೆವು. ಓಡಿಸುವುದು ನನ್ನ ಕೆಲಸ. ಚಪಾತಿ, ಚಟ್ನಿಪುಡಿ, ಪುಳಿಯೋಗರೆ ಗೊಜ್ಜಿನ ಜವಾಬ್ದಾರಿ ಅಮ್ಮನದು.

ಗುರುವಾರ: ಬಿದ್ದ ಮರ

ಬೆಳಗ್ಗೆ ಬೇಗ ಹೊರಟು, ರಿಚ್ಮಂಡ್ ಸೇತುವೆ ದಾಟಿ 101 ಹಿಡಿದೆವು. ಸೊನೊಮಾದ ದ್ರಾಕ್ಷಿ ತೋಟಗಳು ಮುಗಿದವು. ಯುಕಾಯಾ, ವಿಲಿಟ್ಸ್ ದಾಟುವವರೆಗೂ ಗುಡ್ಡಗಳಲ್ಲಿ ಹುಲ್ಲು ಒಣಗಿ ಹಳದಿಯಾಗಿತ್ತು. "ಇಲ್ಲೆಲ್ಲಿ ದೊಡ್ಡ ಮರ ಬರುತ್ತೆ, ನೀರೇ ಇಲ್ಲ" ಅಂತ ಅಪ್ಪಯ್ಯ ಅನುಮಾನ ಪಟ್ಟರು. ಲೆಗೆಟ್ ಹತ್ತಿರ ಬಂದ ಹಾಗೆ ಕಾಡು ಕಪ್ಪಗಾಯಿತು. ಅಲ್ಲೊಂದು ಮರದ ಬುಡಕ್ಕೆ ಕಾರು ಹೋಗುವಷ್ಟು ತೂತು ಕೊರೆದಿದ್ದಾರೆ. 1930ರ ದಶಕದ ಕೆಲಸ. ದುಡ್ಡು ಕೊಟ್ಟು ಕಾರು ನುಗ್ಗಿಸಿ ಫೋಟೋ ತೆಗೆಸಿಕೊಳ್ಳಬಹುದು. ಬದುಕಿರುವ ಮರದ ಹೊಟ್ಟೆ ಬಗೆದದ್ದನ್ನು ನೋಡುವ ಮನಸ್ಸು ನಮಗ್ಯಾರಿಗೂ ಇರಲಿಲ್ಲ. ಮುಂದೆ ಹೋದೆವು.

ಅವೆನ್ಯೂ ಆಫ್ ದಿ ಜೈಂಟ್ಸ್ ಅನ್ನುವುದು ಹಳೇ 101 ರಸ್ತೆ. 31 ಮೈಲಿ ಉದ್ದ. ಪಕ್ಕದಲ್ಲೇ ಈಲ್ ಹೊಳೆ. ಹೊಸ ಹೆದ್ದಾರಿ ಬಿಟ್ಟು ಇದಕ್ಕೆ ಇಳಿದ ಕೂಡಲೇ ಕಾರಿನೊಳಗೆ ಬೆಳಕು ಕಮ್ಮಿಯಾಯಿತು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡ ಅಪ್ಪಯ್ಯ, "ಸ್ವಲ್ಪ ನಿಧಾನ" ಅಂದರು. ಆಮೇಲೆ ಫೌಂಡರ್ಸ್ ಗ್ರೋವ್ ಬರುವ ತನಕ ಮಾತಿಲ್ಲ.

ಈ ತೋಪಿಗೆ ಹೆಸರು ಬಂದದ್ದು ಸೇವ್ ದಿ ರೆಡ್‌ವುಡ್ಸ್ ಲೀಗ್ ಸಂಸ್ಥೆ ಕಟ್ಟಿದವರ ನೆನಪಿಗೆ. 1917ರಲ್ಲಿ ಹೆನ್ರಿ ಫೇರ್‌ಫೀಲ್ಡ್ ಆಸ್ಬಾರ್ನ್, ಜಾನ್ ಮೆರಿಯಮ್, ಮ್ಯಾಡಿಸನ್ ಗ್ರಾಂಟ್ ಈ ಕಡೆ ಬಂದರು. ಸಾವಿರಾರು ವರ್ಷದ ಮರಗಳನ್ನು ಕಡಿದು ದ್ರಾಕ್ಷಿ ಬಳ್ಳಿಯ ಗೂಟ ಮಾಡುತ್ತಿದ್ದುದನ್ನು ನೋಡಿದರು. ಮರುವರ್ಷ ಲೀಗ್ ಹುಟ್ಟಿತು. ಈ ಹಳೇ ರಸ್ತೆ ಬರುವಾಗಲೇ ಕಾಡು ಕೊಳ್ಳಲು ಶುರು ಮಾಡಿದ್ದರಿಂದ ಇಷ್ಟಾದರೂ ಉಳಿಯಿತು. ಮ್ಯಾಡಿಸನ್ ಗ್ರಾಂಟ್ ಮರದ ವಿಷಯದಲ್ಲಿ ಎಷ್ಟು ಒಳ್ಳೆಯವನೋ, ಮನುಷ್ಯರ ವಿಷಯದಲ್ಲಿ ಅಷ್ಟೇ ಕೆಟ್ಟವನು. ಬಿಳಿಯರೇ ಮೇಲು ಅಂತ ಪುಸ್ತಕ ಬರೆದವನು. ಇನ್ನೂ ಉತ್ತರಕ್ಕಿರುವ ಪ್ರೇರಿ ಕ್ರೀಕ್ ಪಾರ್ಕಿನಲ್ಲಿದ್ದ ಅವನ ಹೆಸರಿನ ಸ್ಮಾರಕ ಕಲ್ಲನ್ನು 2021ರಲ್ಲಿ ಪಾರ್ಕಿನವರು ತೆಗೆದುಹಾಕಿದರು. ಅದು ಸರಿಯಾದ ಕೆಲಸ ಅಂತ ನನಗನಿಸುತ್ತದೆ.

ಈ ತೋಪಿನಲ್ಲಿ ಅಪ್ಪಯ್ಯ ಜಾಸ್ತಿ ಹೊತ್ತು ನಿಂತದ್ದು ಬಿದ್ದ ಮರದ ಹತ್ತಿರ. ಅದು ಡೈಯರ್‌ವಿಲ್ ಜೈಂಟ್. 360 ಅಡಿಗೂ ಎತ್ತರವಿತ್ತು, ಬುಡ 17 ಅಡಿ ಅಡ್ಡಗಲ. 1991ರ ಮಾರ್ಚ್ ತಿಂಗಳಲ್ಲಿ ಬಿತ್ತು. ಮಳೆಗೆ ನೆಲ ನೆನೆದಿತ್ತು, ಪಕ್ಕದ ಮರವೊಂದು ಬಿದ್ದು ಇದಕ್ಕೆ ಬಡಿದಿತ್ತು. ಬಿದ್ದ ಸದ್ದು ದೂರದ ಮನೆಯವರಿಗೆ ರೈಲು ಡಿಕ್ಕಿ ಹೊಡೆದಂತೆ ಕೇಳಿಸಿತಂತೆ. ಕೆಸರು ಪಕ್ಕದ ಮರಕ್ಕೆ 15 ಅಡಿ ಎತ್ತರದವರೆಗೂ ಸಿಡಿದಿತ್ತು.

ಬುಡ ಕಿತ್ತು ನಿಂತ ಬೇರಿನ ಗೋಡೆ ನಮ್ಮ ತಲೆಗಿಂತ ಎಷ್ಟೋ ಮೇಲಕ್ಕಿದೆ. ಅಗಲ ಇದೆ, ಆದರೆ ದಪ್ಪ ಕಮ್ಮಿ. ಅಪ್ಪಯ್ಯ ಆ ಕಡೆ ಹೋಗಿ ನೋಡಿದರು, ಈ ಕಡೆ ಬಂದು ನೋಡಿದರು.

"ತಾಯಿಬೇರು ಎಲ್ಲಿ?"

"ಇಲ್ವಂತೆ ಅಪ್ಪಯ್ಯ. ಹತ್ತು ಹನ್ನೆರಡು ಅಡಿಗಿಂತ ಆಳಕ್ಕೆ ಹೋಗೋದೇ ಇಲ್ಲ. ಸುತ್ತ ನೂರು ಅಡಿ ಹರಡಿಕೊಳ್ಳುತ್ತೆ. ಅಕ್ಕಪಕ್ಕದ ಮರದ ಬೇರಿಗೆ ಹೆಣೆದುಕೊಳ್ಳುತ್ತೆ."

"ಹಾಗಾದ್ರೆ ಮೇಲಿನ ಮಣ್ಣೇ ಇದಕ್ಕೆ ಆಧಾರ" ಅಂದರು. ಮುಂದಿನ ದಿನಗಳಲ್ಲಿ ನಾವು ನೋಡಿದ್ದರಲ್ಲಿ ಮುಕ್ಕಾಲು ಪಾಲು ಈ ಮಾತಿಗೇ ಬಂದು ನಿಲ್ಲುತ್ತಿತ್ತು.

ಅಷ್ಟರಲ್ಲಿ ಅಮ್ಮ ದಾರಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದಳು. "ಇದು ನಮ್ಮ ಪುಲ್ಲಂಪುರಚಿ ಅಲ್ವಾ?" ಹೌದು, ಅದೇ ಕುಲದ ಗಿಡ. ಮೂರು ಎಲೆ, ಆದರೆ ಒಂದೊಂದೂ ನಮ್ಮದಕ್ಕಿಂತ ನಾಲ್ಕು ಪಟ್ಟು ದೊಡ್ಡದು. ನೆಲವೆಲ್ಲ ಅದೇ ಹಾಸಿತ್ತು. ಮರದ ಸಂದಿಯಿಂದ ಬಿಸಿಲಿನ ಒಂದು ಕೋಲು ಇಳಿದು ಒಂದಷ್ಟು ಗಿಡದ ಮೇಲೆ ಬಿತ್ತು. ನಾವು ನೋಡನೋಡುತ್ತಲೇ ಆ ಎಲೆಗಳು ನಡುಗೆರೆಯಲ್ಲಿ ಮಡಚಿಕೊಂಡು ಕೆಳಕ್ಕೆ ಇಳಿಬಿದ್ದವು. ನೆರಳಲ್ಲಿದ್ದ ಪಕ್ಕದ ಗಿಡಗಳು ಹಾಗೇ ಅಗಲವಾಗಿ ಬಿಚ್ಚಿಕೊಂಡಿದ್ದವು. ಇಷ್ಟು ಕಮ್ಮಿ ಬೆಳಕಿಗೆ ಒಗ್ಗಿದ ಗಿಡಕ್ಕೆ ನೇರ ಬಿಸಿಲು ತಡೆಯುವುದಿಲ್ಲ. ಕೆಲವು ನಿಮಿಷದಲ್ಲಿ ಬಿಸಿಲು ಸರಿಯಿತು. ಅಮ್ಮ ಎಲೆ ಮತ್ತೆ ಬಿಚ್ಚುವುದನ್ನು ನೋಡದೆ ಏಳುವುದಿಲ್ಲ ಅಂದಳು. ಕಾದೆವು.

ಶುಕ್ರವಾರ: ಬುಲ್ ಕ್ರೀಕ್

ಬೆಳಗ್ಗೆ ವೀಯಟ್ ಎಂಬ ಸಣ್ಣ ಊರಿನಲ್ಲಿ ನಿಲ್ಲಿಸಿದೆ. ಅಲ್ಲಿ ರಸ್ತೆ ಬದಿ ಒಂದು ಕಂಬವಿದೆ. ಅದರ ಮೇಲೆ ಮೂವತ್ತು ಅಡಿಗೂ ಎತ್ತರದಲ್ಲಿ ಒಂದು ಹಲಗೆ. 1964ರ ಡಿಸೆಂಬರ್‌ನಲ್ಲಿ ಈಲ್ ಹೊಳೆಯ ನೀರು ಅಲ್ಲಿವರೆಗೆ ಬಂದಿತ್ತು. ಊರಿಗೆ ಊರೇ ಕೊಚ್ಚಿಹೋಗಿತ್ತು. "ನಮ್ಮಲ್ಲಿ ಲಿಂಗನಮಕ್ಕಿ ಕಟ್ಟೆ ಮುಗಿದ ವರ್ಷ" ಅಂದರು ಅಪ್ಪಯ್ಯ. ಹಿನ್ನೀರಿನಲ್ಲಿ ಗದ್ದೆ ಕಳಕೊಂಡ ಮನೆತನ ನಮ್ಮದು. ನೀರಿನ ಎತ್ತರದ ಮಾತು ಬಂದಾಗ ಅವರಿಗೆ ಆ ವರ್ಷ ನೆನಪಾಗದೆ ಇರದು.

ಅಲ್ಲಿಂದ ಬುಲ್ ಕ್ರೀಕ್ ಹಳ್ಳದ ಪಕ್ಕ ರಾಕ್‌ಫೆಲ್ಲರ್ ಫಾರೆಸ್ಟ್. ಸುಮಾರು 10,000 ಎಕರೆ. ಒಂದೇ ಕಡೆ ಒಟ್ಟಿಗೆ ಉಳಿದಿರುವ ಹಳೇ ರೆಡ್‌ವುಡ್ ಕಾಡಿನಲ್ಲಿ ಇದೇ ಅತಿ ದೊಡ್ಡದು. ಜಾನ್ ಡಿ. ರಾಕ್‌ಫೆಲ್ಲರ್ ಜೂನಿಯರ್ ಕೊಟ್ಟ ದುಡ್ಡಿನಲ್ಲಿ ಮರದ ಕಂಪನಿಯಿಂದ ಕೊಂಡ ಕಾಡು. ಹೈಪೀರಿಯನ್ ಸಿಗುವ ಮುಂಚೆ ಜಗತ್ತಿನ ಎತ್ತರದ ಮರ ಅನಿಸಿಕೊಂಡಿದ್ದ ಸ್ಟ್ರಾಟೊಸ್ಫಿಯರ್ ಜೈಂಟ್ 2000ದಲ್ಲಿ ಸಿಕ್ಕಿದ್ದು ಈ ಪಾರ್ಕಿನಲ್ಲೇ.

ಇಲ್ಲಿನ ಕಥೆ ನನಗೆ ಓದಿ ಗೊತ್ತಿತ್ತು. ಹಳ್ಳದ ದಂಡೆಯಲ್ಲಿ ನಿಂತು ಅಪ್ಪಯ್ಯನಿಗೆ ಹೇಳಿದಾಗಲೇ ನನಗೂ ಪೂರ್ತಿ ಅರ್ಥವಾಗಿದ್ದು. ತಗ್ಗಿನ ಹೆಮ್ಮರಗಳನ್ನು ಕೊಂಡು ಪಾರ್ಕ್ ಮಾಡಿದರು. ಹಳ್ಳದ ಮೇಲ್ಭಾಗದ ಗುಡ್ಡಗಳು ಖಾಸಗಿಯವರ ಕೈಯಲ್ಲೇ ಉಳಿದವು. ಎರಡನೇ ಮಹಾಯುದ್ಧ ಮುಗಿದ ಮೇಲೆ ಮನೆ ಕಟ್ಟಲು ನಾಟಾಕ್ಕೆ ಬೇಡಿಕೆ ಬಂತು. ಟ್ರಾಕ್ಟರ್ ಹತ್ತಿಸಿ ಗುಡ್ಡವನ್ನೆಲ್ಲ ಬೋಳಿಸಿದರು. 1955ರ ಡಿಸೆಂಬರ್ ಮಳೆಗೆ ಆ ಗುಡ್ಡ ಜರಿದು ಹಳ್ಳಕ್ಕೆ ಬಂತು. ಕಲ್ಲು, ಮಣ್ಣು, ದಿಮ್ಮಿ ತುಂಬಿ ಹಳ್ಳದ ಪಾತ್ರ ಮೇಲೆ ಬಂತು. ನೀರಿಗೆ ಕೆಳಗೆ ಜಾಗ ಸಾಲದೆ ಅಡ್ಡಕ್ಕೆ ಕೊರೆಯಿತು. ದಂಡೆ ಕುಸಿದು ನೂರಾರು ಹೆಮ್ಮರಗಳು ಉರುಳಿದವು. ಕೊಡಲಿ ಬೀಳಬಾರದು ಅಂತ ಕೊಂಡ ಮರಗಳು ಅವು.

ಅಪ್ಪಯ್ಯ ಹಳ್ಳದ ಜಲ್ಲಿಯನ್ನು ಕಾಲಲ್ಲಿ ಸರಿಸಿ ನೋಡಿದರು. "ಕೂಪು ಕಡಿದ ವರ್ಷ ನಮ್ಮಲ್ಲೂ ಹಳ್ಳದ ನೀರು ಕೆಂಪಾಗ್ತಿತ್ತು. ಕೆಳಗಿನ ತೋಟದವರು ಬಂದು ಜಗಳ ಆಡೋರು. ಕಡಿದದ್ದು ಮೇಲೆ, ಹೂಳು ತುಂಬಿದ್ದು ಅವರ ಕೆರೆಗೆ."

ಆಮೇಲೆ ಸರ್ಕಾರ ಮತ್ತು ಲೀಗ್ ಸೇರಿ ಹಳ್ಳದ ಮೇಲ್ಭಾಗವನ್ನೂ ಕೊಂಡರು. ಹಳ್ಳ ಹುಟ್ಟುವ ಜಾಗದಿಂದ ಹೊಳೆ ಸೇರುವವರೆಗೆ ಈಗ ಪಾರ್ಕು. ದಂಡೆಯಲ್ಲಿ ಆಲ್ಡರ್ ಮರಗಳು ಎದ್ದಿವೆ.

ಪ್ರವಾಹ ಅಂದರೆ ರೆಡ್‌ವುಡ್‌ಗೆ ಕೇಡು ಅಂತಲೂ ಅಲ್ಲ. ಸಾಧಾರಣ ನೆರೆ ಬಂದಾಗ ಹೊಳೆ ಒಂದು ಪದರ ಮೆಕ್ಕಲು ಮಣ್ಣು ಹಾಕಿ ಹೋಗುತ್ತದೆ. ಬೇರೆ ಮರವಾಗಿದ್ದರೆ ಬುಡ ಮುಚ್ಚಿ ಸಾಯುತ್ತಿತ್ತು. ರೆಡ್‌ವುಡ್ ಮುಚ್ಚಿದ ಕಾಂಡದಿಂದಲೇ ಹೊಸ ಮಣ್ಣಿಗೆ ಹೊಸ ಬೇರು ಬಿಡುತ್ತದೆ. ಹೊಳೆ ಪಕ್ಕದ ತಗ್ಗಿನಲ್ಲಿ ಮರಗಳು ಇಷ್ಟು ಎತ್ತರ ಹೋಗುವುದು ಆ ಮಣ್ಣಿನಿಂದ. ಬುಲ್ ಕ್ರೀಕ್‌ನಲ್ಲಿ ಬಂದದ್ದು ಆ ಥರದ ನೆರೆಯಲ್ಲ, ಅಷ್ಟೇ.

ಮಧ್ಯಾಹ್ನ ಯುರೇಕಾ ದಾಟಿ ಆರ್ಕೇಟಾಕ್ಕೆ ಬಂದೆವು. ಸಮುದ್ರದಿಂದ ಮಂಜು ನುಗ್ಗಿ ಬಂತು. ಜೂನ್‌ನಲ್ಲಿ ಸ್ವೆಟರ್ ಹಾಕಿಕೊಳ್ಳಬೇಕಾಯಿತು. ಈ ಮಂಜಿನಲ್ಲೇ ಅಪ್ಪಯ್ಯನ ಹಿಂದಿನ ದಿನದ ಅನುಮಾನಕ್ಕೆ ಉತ್ತರ ಇದೆ. ಇಲ್ಲಿ ಬೇಸಿಗೆಯಲ್ಲಿ ಮಳೆಯೇ ಇಲ್ಲ. ತಂಪು ಸಮುದ್ರದಿಂದ ಏಳುವ ಮಂಜು ಕಾಡಿನ ಮೇಲೆ ಕೂರುತ್ತದೆ. ಎಲೆಗೆ ತಗುಲಿ ಹನಿಯಾಗಿ ಬುಡಕ್ಕೆ ಬೀಳುತ್ತದೆ. ಎಲೆ ನೇರವಾಗಿಯೂ ಕುಡಿಯುತ್ತದೆ. ವರ್ಷದ ನೀರಿನಲ್ಲಿ ಮೂರರಲ್ಲಿ ಒಂದು ಪಾಲಿನಷ್ಟು ಹೀಗೆ ಮಂಜಿನಿಂದಲೇ ಸಿಗಬಹುದು ಅಂತ ಟಾಡ್ ಡಾಸನ್ ಎಂಬ ವಿಜ್ಞಾನಿಯ ಕೆಲಸದಿಂದ ಗೊತ್ತಾಗಿದೆ.

ಆರ್ಕೇಟಾದಲ್ಲಿ ಕ್ಯಾಲ್ ಪಾಲಿ ಹಂಬೋಲ್ಟ್ ವಿಶ್ವವಿದ್ಯಾಲಯ ಇದೆ. ಈ ಮರಗಳ ನೆತ್ತಿಯ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ಬಹಳಷ್ಟನ್ನು ತಿಳಿಸಿದವರು ಅಲ್ಲಿನ ಸ್ಟೀವ್ ಸಿಲೆಟ್ ಮತ್ತು ಅವರ ಜೊತೆಗಾರರು. ಹಗ್ಗ ಹಿಡಿದು ತುದಿಯವರೆಗೂ ಹತ್ತುತ್ತಾರೆ. ನೆಲದಿಂದ 200 ಅಡಿ ಮೇಲೆ, ಕೊಂಬೆಗಳ ಕವಲಿನಲ್ಲಿ ಎಲೆ ಕೊಳೆತು ಮಣ್ಣಾಗಿರುತ್ತದೆ. ಅಲ್ಲಿ ಜರೀಗಿಡ ಬೆಳೆಯುತ್ತವೆ, ಹಕಲ್‌ಬೆರಿ ಪೊದೆ ಹಣ್ಣು ಬಿಡುತ್ತವೆ. ವಾಂಡರಿಂಗ್ ಸಾಲಮಾಂಡರ್ ಎಂಬ ಸಣ್ಣ ಪ್ರಾಣಿ ಅಲ್ಲೇ ಮೇಲೆ ಸಂಸಾರ ಮಾಡುತ್ತದೆ.

ರಾತ್ರಿ ಮೋಟೆಲಿನಲ್ಲಿ ಚಪಾತಿ ತಿನ್ನುತ್ತಾ ಅಪ್ಪಯ್ಯ ಕೇಳಿದರು, "ತುದಿ ಕಾಣಲ್ಲ, ಎತ್ತರ ಹೇಗೆ ಅಳೀತಾರೆ?" ಮೊದಲು ನೆಲದಿಂದ ಲೇಸರ್ ಹಿಡಿದು ಅಂದಾಜು ಮಾಡುತ್ತಾರೆ. ಲೆಕ್ಕ ಗಟ್ಟಿಯಾಗಬೇಕಾದರೆ ಒಬ್ಬರು ಹತ್ತಲೇಬೇಕು. ತುದಿಯಿಂದ ಅಳತೆಪಟ್ಟಿ ಇಳಿಬಿಟ್ಟು ಬುಡದವರೆಗೆ ನೋಡುತ್ತಾರೆ. ದಪ್ಪ ಅಳೆಯುವುದು ಮಾತ್ರ ನಮ್ಮಲ್ಲಿದ್ದ ಹಾಗೇ, ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ. ಅದನ್ನು ಕೇಳಿ ಅವರಿಗೆ ಖುಷಿಯಾಯಿತು.

ಶನಿವಾರ: ಟಾಲ್ ಟ್ರೀಸ್ ಗ್ರೋವ್

ಈ ದಿನಕ್ಕೆ ಮೊದಲೇ ಆನ್‌ಲೈನ್‌ನಲ್ಲಿ ಪರವಾನಗಿ ತಗೊಂಡಿದ್ದೆ. ದುಡ್ಡಿಲ್ಲ, ಆದರೆ ದಿನಕ್ಕೆ ಇಂತಿಷ್ಟೇ ಗಾಡಿ. ಗೇಟಿನ ಬೀಗದ ನಂಬರ್ ಕಳಿಸುತ್ತಾರೆ. ನಾವೇ ತೆಗೆದು, ಒಳಗೆ ಹೋಗಿ, ಮತ್ತೆ ಹಾಕಬೇಕು. ಅಪ್ಪಯ್ಯ ಇಳಿದು ಗೇಟು ಹಾಕಿ ಎರಡು ಸಲ ಎಳೆದು ನೋಡಿದರು.

ಒರಿಕ್ ಊರಿನಿಂದ ಬಾಲ್ಡ್ ಹಿಲ್ಸ್ ರಸ್ತೆ ಏರುತ್ತದೆ. ಎರಡೂ ಬದಿ ಸಣ್ಣ ಮರಗಳು ಒತ್ತೊತ್ತಾಗಿ ನಿಂತಿವೆ. ಕಡ್ಡಿ ಹಾಗೆ ಸಪೂರ, ಕೆಳಗೆ ಒಂದು ಹಸಿರೆಲೆ ಇಲ್ಲ. "ಇದು ಪ್ಲಾಂಟೇಶನ್. ಥಿನ್ನಿಂಗ್ ಆಗಿಲ್ಲ" ಅಂತ ಅಪ್ಪಯ್ಯ ಹೇಳಿಯೇಬಿಟ್ಟರು. ತೇಗದ ನೆಡುತೋಪಿನಲ್ಲಿ ಇಂಥದ್ದನ್ನು ಜೀವಮಾನವಿಡೀ ನೋಡಿದವರು. ಹಳೇ ಕಾಡನ್ನು ಬುಡಸಮೇತ ಕಡಿದ ಮೇಲೆ ಇಲ್ಲಿ ಡಗ್ಲಸ್ ಫರ್ ಬೀಜವನ್ನು ವಿಮಾನ, ಹೆಲಿಕಾಪ್ಟರಿನಿಂದ ಚೆಲ್ಲಿದ್ದರು. ರೆಡ್‌ವುಡ್ ಮೊಳಕೆಗಳು ಅದರ ನಡುವೆ ಸಿಕ್ಕಿಹಾಕಿಕೊಂಡವು. ಈಗ ರೆಡ್‌ವುಡ್ಸ್ ರೈಸಿಂಗ್ ಅಂತ ಒಂದು ಕೆಲಸ ನಡೆಯುತ್ತಿದೆ. ನ್ಯಾಷನಲ್ ಪಾರ್ಕ್, ಸ್ಟೇಟ್ ಪಾರ್ಕ್, ಲೀಗ್ ಮೂವರೂ ಸೇರಿ ಇಂಥ ಕಡೆ ಮರ ತೆಳುಮಾಡಿ, ಹಳೇ ಲಾರಿ ದಾರಿಗಳನ್ನು ಅಗೆದು ಗುಡ್ಡದ ಇಳಿಜಾರಿಗೆ ಸೇರಿಸುತ್ತಿದ್ದಾರೆ. ಪಾರ್ಕಿನೊಳಗೇ ಮರ ಕಡಿಯುತ್ತಾರೆ ಅಂದರೆ ಕೆಲವರಿಗೆ ಸಿಟ್ಟು ಬರುತ್ತದೆ. ಅಪ್ಪಯ್ಯನಿಗೆ ಅದರಲ್ಲಿ ಎರಡು ಮಾತಿಲ್ಲ. ಬೆಳಕು ಬಿಡದೆ ದೊಡ್ಡ ಮರ ಆಗುವುದಿಲ್ಲ.

ಕಾರು ನಿಲ್ಲಿಸಿದ ಜಾಗದಿಂದ ತೋಪಿಗೆ 800 ಅಡಿ ಇಳಿಯಬೇಕು. ಅಮ್ಮನಿಗೆ ಮಂಡಿ ನೋವು. ಎರಡು ಕೋಲು ಹಿಡಿದು ನಿಧಾನಕ್ಕೆ ಬಂದಳು. ದಾರಿಯಲ್ಲಿ ರೋಡೊಡೆಂಡ್ರಾನ್ ಹೂವಿನ ಗುಲಾಬಿ ಪಕಳೆ ಉದುರಿತ್ತು.

ಕೆಳಗೆ ರೆಡ್‌ವುಡ್ ಕ್ರೀಕ್ ಹೊಳೆ ತಿರುವು ತಗೊಳ್ಳುವಲ್ಲಿ ಸಮತಟ್ಟು ನೆಲ. ಅಲ್ಲೇ ಆ ಮರಗಳು. ಕುತ್ತಿಗೆ ಎತ್ತಿದರೆ ಮೊದಲ ಕೊಂಬೆಯೇ ಎಲ್ಲೋ ಮೇಲೆ, ಅದರಾಚೆ ಏನೂ ಕಾಣದು. ಸುಮ್ನೆ ಬೆನ್ನ ಮೇಲೆ ಮಲಗಿ ನೋಡುವುದೇ ಸರಿ ಅಂತ ಬೆಂಚಿನ ಮೇಲೆ ಒಬ್ಬೊಬ್ಬರಾಗಿ ಮಲಗಿದೆವು.

1963ರಲ್ಲಿ ನ್ಯಾಷನಲ್ ಜಿಯಾಗ್ರಫಿಕ್‌ನ ಪಾಲ್ ಜಾಲ್ ಇಲ್ಲೊಂದು ಮರ ಅಳೆದರು. 367.8 ಅಡಿ ಬಂತು. ಆಗಿನ ಲೆಕ್ಕದಲ್ಲಿ ಜಗತ್ತಿಗೇ ಎತ್ತರದ್ದು. ಆ ಸುದ್ದಿ ದೊಡ್ಡದಾಗಿ 1968ರಲ್ಲಿ ನ್ಯಾಷನಲ್ ಪಾರ್ಕ್ ಆಯಿತು. ಆದರೆ ಕಂಪನಿಗಳ ಜೊತೆ ಚೌಕಾಸಿ ನಡೆದು, ಈ ತೋಪಿಗೆ ಸಿಕ್ಕಿದ್ದು ಹೊಳೆಯ ಎರಡೂ ಬದಿ ಕಾಲು ಕಾಲು ಮೈಲಿಯ ಪಟ್ಟಿ. ಜನ ಅದನ್ನು ಎರೆಹುಳ ಅಂತಲೇ ಕರೆದರು. ಅದರ ಮೇಲಿನ ಗುಡ್ಡಗಳಲ್ಲಿ ಕಡಿಯುವುದು ನಿಲ್ಲಲಿಲ್ಲ. ಮಣ್ಣು ಹೊಳೆಗೆ ಇಳಿಯಿತು. ಜಲ್ಲಿ ತುಂಬಿ ಪಾತ್ರ ಏರಿತು. ನೀರು ತೋಪಿನ ದಂಡೆಗೆ ಬಂತು. ಬುಲ್ ಕ್ರೀಕ್‌ನಲ್ಲಿ ಆದದ್ದೇ ಇಲ್ಲೂ ಆಗುವುದರಲ್ಲಿತ್ತು. ಹದಿಮೂರು ವರ್ಷದ ಹಿಂದಿನ ಪಾಠ ಕಣ್ಣೆದುರು ಇದ್ದೂ ಹೀಗೆ ಗೆರೆ ಎಳೆದರು ಅನ್ನುವುದು ನನಗೆ ಈಗಲೂ ಬೇಜಾರಿನ ಸಂಗತಿ.

ಪಾರ್ಕ್ ದೊಡ್ಡದು ಮಾಡಬೇಕು ಅಂದಾಗ ಮರ ಕಡಿಯುವವರು ಸುಮ್ಮನಿರಲಿಲ್ಲ. 1977ರಲ್ಲಿ ಲಾರಿಗಳ ಸಾಲು ಕಟ್ಟಿಕೊಂಡು ವಾಷಿಂಗ್ಟನ್‌ಗೆ ಹೋದರು. ಅಧ್ಯಕ್ಷ ಜಿಮ್ಮಿ ಕಾರ್ಟರ್ ಕಡಲೆಕಾಯಿ ಬೆಳೆಗಾರರಲ್ವಾ, ಅವರಿಗೆ ಅಂತ ರೆಡ್‌ವುಡ್ ದಿಮ್ಮಿಯಲ್ಲಿ ಒಂದು ಭಾರೀ ಕಡಲೆಕಾಯಿ ಕೆತ್ತಿ ಒಯ್ದಿದ್ದರು. ಶ್ವೇತಭವನ ತಗೊಳ್ಳಲಿಲ್ಲ. ಅದು ಒರಿಕ್‌ಗೆ ವಾಪಸ್ ಬಂತು. 1978ರಲ್ಲಿ ಕಾನೂನು ಬಂದು 48,000 ಎಕರೆ ಪಾರ್ಕಿಗೆ ಸೇರಿತು. ಕೆಲಸ ಹೋದವರಿಗೆ ಪರಿಹಾರ ಕೊಡುವ ಏರ್ಪಾಡೂ ಅದರಲ್ಲಿತ್ತು. ಅಪ್ಪಯ್ಯ ಅದನ್ನೇ ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡರು. ಗರಗಸದ ಕೆಲಸದವರನ್ನು ಹತ್ತಿರದಿಂದ ಕಂಡವರು ಅವರು.

ಆಗ ಸೇರಿದ ಜಾಗದಲ್ಲೇ 28 ವರ್ಷದ ನಂತರ ಹೈಪೀರಿಯನ್ ಸಿಕ್ಕಿದ್ದು. ಅದು ತಗ್ಗಿನಲ್ಲಿಲ್ಲ, ಗುಡ್ಡದ ಇಳಿಜಾರಿನಲ್ಲಿದೆ. ಕಡಿತ ಅದರ ಹತ್ತಿರದವರೆಗೂ ಬಂದಿತ್ತು. ಕೆಳಗಿನ ತೋಪಿಗೆ ಮಣ್ಣು ಬರದಿರಲಿ ಅಂತ ಗುಡ್ಡ ಉಳಿಸಲು ಹೋದರು, ಆ ಗುಡ್ಡದಲ್ಲೇ ಎಲ್ಲಕ್ಕಿಂತ ಎತ್ತರದ ಮರ ಇತ್ತು.

ಇನ್ನೂ ಎಷ್ಟು ಎತ್ತರ ಹೋಗಬಹುದು? 2004ರಲ್ಲಿ ಜಾರ್ಜ್ ಕಾಕ್, ಸಿಲೆಟ್ ಮತ್ತಿತರರು ಇದನ್ನು ಲೆಕ್ಕ ಹಾಕಿದರು. 122ರಿಂದ 130 ಮೀಟರ್, ಅದರಾಚೆ ಆಗದು. ನೀರನ್ನು ಅಷ್ಟು ಮೇಲಕ್ಕೆ ಎಳೆಯುವುದೇ ಕಷ್ಟ. ಬುಡದಲ್ಲಿ ಎಷ್ಟೇ ನೀರಿದ್ದರೂ ತುದಿಯ ಎಲೆಗೆ ಬರಗಾಲ. ಅದಕ್ಕೆ ಸಾಕ್ಷಿ ದಾರಿಯಲ್ಲೇ ಬಿದ್ದಿತ್ತು. ಕೆಳಗಿನ ಕೊಂಬೆಯ ಒಂದು ಟೊಂಗೆ ಬಿದ್ದಿತ್ತು, ಎಲೆಗಳು ಚಪ್ಪಟೆ, ಮೆತ್ತಗೆ, ಎರಡೂ ಬದಿಗೆ ಬಾಚಿದಂತೆ ಸಾಲಾಗಿ. ಸ್ವಲ್ಪ ಮುಂದೆ ಗಾಳಿಗೆ ಮುರಿದು ಬಿದ್ದ ಇನ್ನೊಂದು ಟೊಂಗೆ ಇತ್ತು. ಅದರ ಎಲೆ ಗಿಡ್ಡ, ಗಟ್ಟಿ, ಟೊಂಗೆಗೆ ಅಂಟಿಕೊಂಡ ಮುಳ್ಳಿನಂತೆ. ಕೈಗೆ ಚುಚ್ಚಿತು. ಎರಡೂ ಬೇರೆ ಬೇರೆ ಜಾತಿಯ ಮರದ್ದು ಅಂತ ಅಪ್ಪಯ್ಯ ವಾದ ಮಾಡಿದರು. ಒಂದೇ ಜಾತಿ, ಒಂದು ಕೆಳಗಿನದು, ಒಂದು ನೆತ್ತಿಯದು ಅಂತ ನಂಬಿಸಲು ಸಾಕಾಯಿತು. ನೋಡಿದ ಮೇಲೆ ಎರಡನ್ನೂ ಅಲ್ಲೇ ಇಟ್ಟು ಬಂದೆವು.

ಹತ್ತುವಾಗ ಇಳಿದದ್ದರ ಎರಡರಷ್ಟು ಹೊತ್ತು ಹಿಡಿಯಿತು.

ಭಾನುವಾರ: ಗಂಟು ಕಳ್ಳರು, ಕಟ್ಟಿದ ದಾರಿ

ಪ್ರೇರಿ ಕ್ರೀಕ್‌ನ ಹುಲ್ಲುಗಾವಲಿನಲ್ಲಿ ರೂಸ್‌ವೆಲ್ಟ್ ಎಲ್ಕ್ ಜಿಂಕೆಗಳು ಮೇಯುತ್ತಿದ್ದವು. ಅಲ್ಲಿಂದ ಕಾಡಿನ ನಡುವೆ ಹೋಗುವ ನ್ಯೂಟನ್ ಡ್ರೂರಿ ರಸ್ತೆ ಈ ಪ್ರವಾಸದಲ್ಲೇ ಚೆಂದದ್ದು. 2014ರಲ್ಲಿ ಈ ರಸ್ತೆಯನ್ನು ರಾತ್ರಿ ಹೊತ್ತು ಮುಚ್ಚಬೇಕಾಯಿತು. ಕಾರಣ, ಗಂಟು ಕಳ್ಳರು. ರೆಡ್‌ವುಡ್ ಬುಡದಲ್ಲಿ ದೊಡ್ಡ ದೊಡ್ಡ ಗಂಟುಗಳು ಇರುತ್ತವೆ. ಅದರ ತುಂಬ ಮಲಗಿರುವ ಮೊಗ್ಗುಗಳು. ಮರ ಬಿದ್ದರೆ, ಸುಟ್ಟರೆ, ಆ ಮೊಗ್ಗು ಚಿಗುರಿ ಹೊಸ ಮರವಾಗುತ್ತದೆ. ಸತ್ತ ತಾಯಿಮರದ ಸುತ್ತ ಮಕ್ಕಳು ಉಂಗುರದಂತೆ ನಿಂತಿರುವುದನ್ನು ಎಷ್ಟೋ ಕಡೆ ನೋಡಿದೆವು. ಆ ಗಂಟಿನ ಒಳಮೈಯ ಬಣ್ಣದ ಸುಳಿಗಳಿಗಾಗಿ ಮೇಜಿನ ಹಲಗೆ ಮಾಡುವವರು ದುಡ್ಡು ಕೊಡುತ್ತಾರೆ. ಕಳ್ಳರು ಚೈನ್‌ಸಾ ಹಿಡಿದು ಬದುಕಿದ ಮರದಿಂದಲೇ ಕೊಯ್ಯುತ್ತಾರೆ. ಶ್ರೀಗಂಧ ಕಾದ ರಾತ್ರಿಗಳ ಕಥೆ ಅಪ್ಪಯ್ಯ ಶುರು ಮಾಡಿದರು. ಕ್ಲಾಮತ್ ಹೊಳೆ ಬರುವವರೆಗೂ ಅದೇ ನಡೆಯಿತು.

ಕ್ಲಾಮತ್ ಸೇತುವೆ ಮೇಲೆ ನಾನೊಂದು ಸುದ್ದಿ ಹೇಳಿದೆ. ಈ ಹೊಳೆಗೆ ಮೇಲ್ಗಡೆ ಇದ್ದ ನಾಲ್ಕು ಅಣೆಕಟ್ಟುಗಳನ್ನು 2024ರ ಹೊತ್ತಿಗೆ ಒಡೆದು ತೆಗೆದರು. ಸಾಲ್ಮನ್ ಮೀನಿಗಾಗಿ ಯೂರಾಕ್ ಮತ್ತಿತರ ಮೂಲನಿವಾಸಿಗಳು ದಶಕಗಟ್ಟಲೆ ಹೋರಾಡಿ ಮಾಡಿಸಿದ್ದು.

"ಕಟ್ಟೆ ಒಡೆದ್ರಾ?" ಅಂತ ಅಮ್ಮ ಹಿಂದಿನ ಸೀಟಿನಿಂದ ಮುಂದೆ ಬಗ್ಗಿದಳು. "ಮುಳುಗಿದ ಜಾಗ ಮತ್ತೆ ಕಾಣುತ್ತಾ ಹಾಗಾದ್ರೆ?"

ಕಾಣುತ್ತದೆ ಅಂದೆ. ಅಪ್ಪಯ್ಯ ಕಿಟಕಿ ಇಳಿಸಿ ಹೊಳೆ ನೋಡಿದರು.

ಮಧ್ಯಾಹ್ನ ಜೆಡಿಡಾಯಾ ಸ್ಮಿತ್ ಪಾರ್ಕು. ಹೌಲೆಂಡ್ ಹಿಲ್ ರಸ್ತೆ ಮಣ್ಣಿನದು. ಎರಡು ಮರದ ನಡುವೆ ಒಂದೇ ಕಾರಿಗೆ ಜಾಗ. ಇಲ್ಲಿನ ಗ್ರೋವ್ ಆಫ್ ಟೈಟನ್ಸ್ ನೋಡಲೇಬೇಕು ಅಂತ ನನಗಿತ್ತು. 1998ರಲ್ಲಿ ಸಿಲೆಟ್ ಮತ್ತು ಟೇಲರ್ ಈ ಮರಗಳನ್ನು ಗುರುತಿಸಿದರು. ಎತ್ತರಕ್ಕಿಂತ ಗಾತ್ರಕ್ಕೆ ಹೆಸರಾದವು. ಜಾಗವನ್ನು ಗುಟ್ಟಾಗಿ ಇಟ್ಟಿದ್ದರು. ಇಂಟರ್ನೆಟ್ಟಿನಲ್ಲಿ ಗುಟ್ಟು ಹೊರಬಿತ್ತು. ಜನ ಬಂದರು, ಬೇರಿನ ಮೇಲೆ ಹತ್ತಿದರು, ಜರೀಗಿಡ ತುಳಿದರು. ನೆಲ ಗಟ್ಟಿಯಾಗಿ ಬೋಳಾಯಿತು. ಕೊನೆಗೆ ಪಾರ್ಕಿನವರು ಲೀಗ್ ಮತ್ತು ಮೂಲನಿವಾಸಿ ತೊಲೊವಾ ಜನರ ಜೊತೆ ಸೇರಿ, ನೆಲಕ್ಕೆ ತಾಗದಂತೆ ಎತ್ತರಿಸಿದ ಕಬ್ಬಿಣದ ಜಾಲರಿ ದಾರಿ ಕಟ್ಟಿದರು. ಜಾಲರಿಯ ಕೆಳಗೆ ಬೇರು, ಮಳೆನೀರು, ಪುಲ್ಲಂಪುರಚಿ ಎಲ್ಲ ಅವುಗಳ ಪಾಡಿಗೆ ಇವೆ. ಬೋಳಾಗಿದ್ದ ಜಾಗದಲ್ಲಿ ಜರೀಗಿಡ ಮತ್ತೆ ಎದ್ದಿದೆ. ಅಪ್ಪಯ್ಯ ಬಗ್ಗಿ ಜಾಲರಿಯ ಕೆಳಗೆ ಕೈ ತೂರಿಸಿ, ಕಂಬ ನೆಡುವಾಗ ಬೇರು ಕಡಿದಿದ್ದಾರಾ ಅಂತ ಪರೀಕ್ಷೆ ಮಾಡಿದರು. ಬೇರು ತಪ್ಪಿಸಿ ನೆಟ್ಟಿದ್ದರು. ತಲೆಯಾಡಿಸಿದರು.

ಹೈಪೀರಿಯನ್‌ಗೆ ಈ ಭಾಗ್ಯ ಇಲ್ಲ. ಅಲ್ಲಿಗೆ ದಾರಿಯೇ ಇಲ್ಲ. ಆದರೂ ಜನ ಹಳ್ಳ ದಾಟಿ, ಪೊದೆ ನುಗ್ಗಿ ಹೋದರು. ಬುಡದ ಸುತ್ತ ಒಂದು ಜರೀಗಿಡವೂ ಉಳಿಯಲಿಲ್ಲ. ಕಸ, ಹೊಲಸು. 2022ರಲ್ಲಿ ಆ ಜಾಗವನ್ನೇ ಮುಚ್ಚಿದರು. ಹೋಗಿ ಸಿಕ್ಕಿಬಿದ್ದರೆ 5,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಬಹಳ ಜಾಸ್ತಿ ಅಂತ ಕೆಲವು ಗೆಳೆಯರು ಗೊಣಗುತ್ತಾರೆ. ಡೈಯರ್‌ವಿಲ್ ಮರದ ಬೇರು ನೋಡಿ ಬಂದವರು ಹಾಗೆ ಅನ್ನಲಾರರು. ಮೇಲಿನ ಕೆಲವು ಅಡಿ ಸಡಿಲ ಮಣ್ಣಿನಲ್ಲಿ ನಿಂತ ಮರ ಅದು. ಮಣ್ಣು ತುಳಿತಕ್ಕೆ ಗಟ್ಟಿಯಾದರೆ ನೀರೂ ಇಳಿಯದು, ಬೇರೂ ಹೋಗದು. ಮೇಲಾಗಿ ಬುಡದಲ್ಲಿ ನಿಂತರೆ ಆ 380 ಅಡಿ ಕಾಣುವುದೂ ಇಲ್ಲ.

ಸಂಜೆ ಸ್ಟೌಟ್ ಗ್ರೋವ್‌ಗೆ ಹೋದೆವು. ಸ್ಮಿತ್ ಹೊಳೆ ಪಕ್ಕದ ಸಣ್ಣ ತೋಪು. ಈ ಹೊಳೆಗೆ ಅಡ್ಡಲಾಗಿ ಒಂದೂ ಅಣೆಕಟ್ಟಿಲ್ಲ. ಕ್ಯಾಲಿಫೋರ್ನಿಯಾದ ದೊಡ್ಡ ಹೊಳೆಗಳಲ್ಲಿ ಹಾಗೆ ಉಳಿದದ್ದು ಇದೊಂದೇ. ನೀರು ತಳದ ಕಲ್ಲು ಕಾಣುವಷ್ಟು ತಿಳಿ. ಅಮ್ಮ ಕಾಲು ಇಳಿಬಿಟ್ಟು ಕೂತಳು.

ಸೋಮವಾರ: ವಾಪಸ್, ಒರಿಕ್ ದಾರಿ

ವಾಪಸ್ ಬರುವಾಗ ಒರಿಕ್ ಹತ್ತಿರ ಒಂದು ಹಳೇ ಸಾಮಿಲ್ ಜಾಗ ಅಪ್ಪಯ್ಯನಿಗೆ ತೋರಿಸಬೇಕಿತ್ತು. ಪ್ರೇರಿ ಕ್ರೀಕ್ ಹಳ್ಳದ ಪಕ್ಕ 125 ಎಕರೆ. ಯೂರಾಕ್ ಜನರ ಮಾತಿನಲ್ಲಿ ‘ಓ ರ್ಯೂ’. ಅವರ ಹಳೇ ಊರಿದ್ದ ಜಾಗ. ಕಾಡಿನಿಂದ ಬಂದ ದಿಮ್ಮಿಗಳನ್ನು ಇಲ್ಲೇ ಕೊಯ್ಯುತ್ತಿದ್ದರು. ಲಾರಿಗಳಿಗೆ ಅಂತ ನೆಲಕ್ಕೆಲ್ಲ ಟಾರು ಹಾಕಿದ್ದರು. ಹಳ್ಳವನ್ನು ಒಂದು ಬದಿಗೆ ಒತ್ತಿ ಕಾಲುವೆ ಮಾಡಿದ್ದರು. 2013ರಲ್ಲಿ ಲೀಗ್ ಇದನ್ನು ಕೊಂಡಿತು. ಟಾರು ಕಿತ್ತರು, ಹಳ್ಳಕ್ಕೆ ಮತ್ತೆ ತಿರುವು, ಗುಂಡಿ ಮಾಡಿಕೊಟ್ಟರು, ಸಾವಿರಾರು ಸ್ಥಳೀಯ ಗಿಡ ನೆಟ್ಟರು. ಕೆಲಸದಲ್ಲಿ ಯೂರಾಕ್ ಜನರೇ ಮುಂದೆ ನಿಂತರು. ಈ ಜಾಗವನ್ನು 2026ರಲ್ಲಿ ಅವರಿಗೆ ವಾಪಸ್ ಕೊಡುವುದು, ನ್ಯಾಷನಲ್ ಪಾರ್ಕ್ ಮತ್ತು ಸ್ಟೇಟ್ ಪಾರ್ಕಿನವರು ಅವರ ಜೊತೆ ಸೇರಿ ನೋಡಿಕೊಳ್ಳುವುದು ಅಂತ 2024ರ ಮಾರ್ಚ್‌ನಲ್ಲಿ ಒಪ್ಪಂದ ಆಯಿತು.

ರಸ್ತೆ ಬದಿ ಕಾರು ನಿಲ್ಲಿಸಿ ನೋಡಿದೆವು. ಅಪ್ಪಯ್ಯ ನೀರಿನಲ್ಲಿ ಅಡ್ಡಡ್ಡ ಹಾಕಿದ್ದ ದಿಮ್ಮಿಗಳನ್ನು ತೋರಿಸಿ, ಯಾಕೆ ಹೀಗೆ ಅಂತ ಕೇಳಿದರು. ನೀರಿನ ರಭಸ ಕಮ್ಮಿಯಾಗಿ, ಹಿಂದೆ ಗುಂಡಿ ಬಿದ್ದು, ಮರಿ ಸಾಲ್ಮನ್‌ಗಳಿಗೆ ತಂಗಲು ಜಾಗ ಆಗಲಿ ಅಂತ. ಹೊಸ ಹಳ್ಳಕ್ಕೆ ಸಾವಿರಾರು ಮರಿಗಳು ಬಂದಿವೆ ಅಂತ ಹೇಳಿದೆ.

"ದಿಮ್ಮಿ ಡಿಪೋಗೆ ಹೋಗೋದನ್ನ ನೋಡಿದೀನಿ. ಮಿಲ್ಲಿನ ಜಾಗಕ್ಕೆ ದಿಮ್ಮಿ ತಂದು ಹಳ್ಳಕ್ಕೆ ಹಾಕೋದು ಇದೇ ಮೊದಲು ನೋಡಿದ್ದು" ಅಂದರು.

ಯುಕಾಯಾದಲ್ಲಿ ಕಾಫಿಗೆ ನಿಲ್ಲಿಸಿದಾಗ ಅವರ ಕೈಯಲ್ಲಿ ಡೈರಿ ಇತ್ತು. ಹೊಸನಗರದಲ್ಲಿ ತಮ್ಮ ಜೊತೆ ಕೆಲಸ ಮಾಡಿದವರಿಗೆ ತೋರಿಸಲು ಹಳ್ಳದ ನಕ್ಷೆ ಬರೆಯುತ್ತಿದ್ದರು. ದಿಮ್ಮಿಗಳ ನಡುವಿನ ಅಂತರ ಎಷ್ಟಿರಬಹುದು ಅಂತ ನನ್ನನ್ನೂ ಅಮ್ಮನನ್ನೂ ಕೇಳಿದರು. ನಾನು ಹದಿನೈದು ಅಡಿ ಅಂದೆ, ಅಮ್ಮ ಇಪ್ಪತ್ತು ಅಂದಳು. ಅಮ್ಮನ ಲೆಕ್ಕ ಬರೆದುಕೊಂಡರು.